ಬಂದೇನವಾಜ್ ದರ್ಗಾದಿಂದ ಅಷ್ಟೂರಿನ ತನಕ: ಮೊದಲ ಸಲ ದರ್ಗಾಕ್ಕೆ ಹೋಗೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ಹುಟ್ಟಿ ಬೆಳೆದದ್ದು ಕಲಬುರಗಿ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆದ್ವು, ಇಲ್ಲಿ ಆಫೀಸಲ್ಲಿ ಊರಿನ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಬಂದೇನವಾಜ್ ದರ್ಗಾ ನೋಡ್ಬೇಕು ಅಂತ ಆಸೆ ಇದೆ, ಆದ್ರೆ ನಾವು ಹಿಂದೂಗಳು, ಒಳಗೆ ಬಿಡ್ತಾರಾ, ಅಲ್ಲೇನಾದ್ರೂ ತಪ್ಪು ಮಾಡಿಬಿಟ್ರೆ ಹೇಗೆ ಅಂತ. ಊರಲ್ಲಿದ್ದಾಗ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ನಮ್ಮದು ಲಿಂಗಾಯತರ ಮನೆ, ಸೋಮವಾರ ಶರಣಬಸವೇಶ್ವರ ಗುಡಿ, ಗುರುವಾರ ಸಂಜೆ ಅವ್ವ "ನಡಿ ತಮ್ಮಾ, ಬಂದೇನವಾಜಗ ಹೋಗಿ ಸಕ್ಕರಿ ಓದಿಸ್ಕೊಂಡ್ ಬರೂಣು" ಅಂದ್ರೆ ಚಪ್ಪಲಿ ಮೆಟ್ಟಿ ಹೊರಡೋದು, ಅಷ್ಟೇ. ಅದನ್ನ ನಾವು ಭಾವೈಕ್ಯ ಗೀವೈಕ್ಯ ಅಂತ ಯಾವತ್ತೂ ಕರೀಲಿಲ್ಲ.

ಆದ್ರೆ ಕೇಳೋರ ಅಂಜಿಕೆ ಸುಳ್ಳಲ್ಲ. ರೂಢಿ ಇಲ್ಲದವರಿಗೆ ಯಾವ ಬಾಗಿಲಾದ್ರೂ ದೊಡ್ಡದಾಗೇ ಕಾಣ್ಸುತ್ತೆ. ಅದಕ್ಕೇ ಇದನ್ನ ಕೂತ್ಕೊಂಡು ಪೂರ್ತಿ ಬರೀತಿದೀನಿ. ನೆಂಟರ ಮನೆಗೆ ಹೋದಾಗ ಆ ಮನೆ ರೀತಿ ಏನು ಅಂತ ನೋಡ್ಕೊಂಡು ನಡ್ಕೋತೀವಲ್ಲ, ಹಾಗೇ ಹೋದ್ರೆ ದರ್ಗಾದಲ್ಲಿ ನೀವು ಯಾರು ಅಂತ ಯಾರೂ ಕೇಳಲ್ಲ. ಕಲಬುರಗಿಯಲ್ಲಿ ಶುರು ಮಾಡಿ ಬೀದರ್ ಹತ್ರದ ಅಷ್ಟೂರಲ್ಲಿ ಮುಗಿಯೋ ಮೂರು ದಿನದ ದಾರಿ ಇದು, ಯಾಕೆ ಇದೇ ದಾರಿ ಅನ್ನೋದು ಮುಂದೆ ಗೊತ್ತಾಗುತ್ತೆ.

ಸ್ಟೆಪ್ 1: ದರ್ಗಾ ಬೇರೆ, ಮಸೀದಿ ಬೇರೆ, ಮೊದಲು ಇದು ತಿಳ್ಕೊಳ್ಳಿ

ಬಹಳ ಜನ ಎರಡೂ ಒಂದೇ ಅನ್ಕೊಂಡಿರ್ತಾರೆ. ಮಸೀದಿ ಅಂದ್ರೆ ನಮಾಜು ಮಾಡೋ ಜಾಗ, ಅಲ್ಲಿ ಹರಕೆ, ಚಾದರ, ಹೂವು ಯಾವುದೂ ಇಲ್ಲ. ದರ್ಗಾ ಅಂದ್ರೆ ಸೂಫಿ ಸಂತರ ಸಮಾಧಿ ಇರೋ ಜಾಗ, ನಮ್ಮ ಕಡೆ ಗದ್ದುಗೆ ಅಂತೀವಲ್ಲ ಆ ಥರ. ಆ ಸಮಾಧಿಗೆ ಮಜಾರ್ ಅಂತಾರೆ. ದೊಡ್ಡ ದರ್ಗಾಗಳ ಆವರಣದಲ್ಲಿ ಮಸೀದಿನೂ ಇರುತ್ತೆ, ಹಾಗಾಗಿ ಒಂದೇ ಅಂಗಳದಲ್ಲಿ ಎರಡು ರೀತಿ ನಡವಳಿಕೆ ಬೇಕಾಗುತ್ತೆ. ಮೂರನೇದು ಆಶುರಖಾನಾ, ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿಗೆ ಪಂಜಾ ಕೂಡಿಸ್ತಾರಲ್ಲ ಅದು, ಮುಸ್ಲಿಮರ ಒಂದು ಮನೆ ಕೂಡ ಇಲ್ಲದ ಹಳ್ಳಿಗಳಲ್ಲೂ ನಮ್ಮ ಕಡೆ ಪೀರಲ ಹಬ್ಬ ನಡೆಯುತ್ತೆ, ಅದರದ್ದೇ ಬೇರೆ ಕಥೆ, ಇಲ್ಲಿ ಬೇಡ.

ಇನ್ನೊಂದು ಮಾತು. ದರ್ಗಾಕ್ಕೆ ಹೋಗೋದನ್ನ ಒಪ್ಪದ ಮುಸ್ಲಿಮರೂ ಇದ್ದಾರೆ, ಬೇಡೋದು ಅಲ್ಲಾಹನ ಹತ್ರ ಮಾತ್ರ ಅನ್ನೋದು ಅವರ ನಂಬಿಕೆ. ಒಪ್ಪೋರು ಹೇಳೋದು, ಸಂತರು ದೇವರಲ್ಲ, ದೇವರಿಗೆ ಹತ್ತಿರದವರು, ಅವರ ಮೂಲಕ ಕೇಳ್ಕೋತೀವಿ ಅಂತ. ಇದು ಅವರೊಳಗಿನ ಹಳೇ ಚರ್ಚೆ, ಹೊರಗಿಂದ ಬಂದ ನಾವು ಅಲ್ಲಿ ನಿಂತ್ಕೊಂಡು ಅದನ್ನ ಕೆದಕಬಾರದು.

ಸ್ಟೆಪ್ 2: ಯಾರ ಹತ್ರ ಹೋಗ್ತಿದೀರಿ ಅಂತ ಗೊತ್ತಿರ್ಲಿ

ಹೆಸರೇ ಗೊತ್ತಿಲ್ಲದೆ ಹೋಗಿ ಫೋಟೋ ಹೊಡ್ಕೊಂಡು ಬಂದ್ರೆ ಏನೂ ಸಿಗಲ್ಲ, ಅದಕ್ಕೆ ಇದೊಂದು ಸ್ವಲ್ಪ ಓದಿ.

ಖ್ವಾಜಾ ಬಂದೇನವಾಜ್ ಗೇಸುದರಾಜ್ ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ದಿಲ್ಲಿ ಜನರನ್ನ ದೌಲತಾಬಾದಿಗೆ ಕಳಿಸಿದ್ನಲ್ಲ, ಆ ಕಾಲದಲ್ಲಿ ಇವರ ಮನೆಯವರೂ ಆ ಕಡೆ ಬಂದಿದ್ರು, ಹಾಗಾಗಿ ದಖ್ಖನ್ ಅವರಿಗೆ ಚಿಕ್ಕಂದಿನಿಂದಲೇ ಗೊತ್ತು. ಆಮೇಲೆ ದಿಲ್ಲಿಗೆ ವಾಪಸ್ ಹೋಗಿ ಚಿಶ್ತಿ ಅನ್ನೋ ಸೂಫಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹ್ಲವಿ ಅವರ ಶಿಷ್ಯರಾದ್ರು. ಗೇಸುದರಾಜ್ ಅಂದ್ರೆ ಉದ್ದ ಕೂದಲಿನವರು. ಗುರುಗಳ ಪಲ್ಲಕ್ಕಿ ಹೊತ್ತಿದ್ದಾಗ ಕೂದಲು ಪಲ್ಲಕ್ಕಿಗೆ ಸಿಕ್ಕಿಹಾಕ್ಕೊಂಡಿತಂತೆ, ನಿಲ್ಲಿಸಿದ್ರೆ ಗುರುಗಳಿಗೆ ತೊಂದ್ರೆ ಆಗುತ್ತೆ ಅಂತ ನೋವು ತಡ್ಕೊಂಡು ಹಾಗೇ ನಡೆದ್ರಂತೆ, ಆ ಹೆಸರಿಗೆ ಇದೇ ಕಥೆ ಹೇಳ್ತಾರೆ. 1398ರಲ್ಲಿ ತೈಮೂರ್ ದಿಲ್ಲಿ ಮೇಲೆ ಬಿದ್ದಾಗ ಊರು ಬಿಟ್ಟು ಹೊರಟ್ರು, ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಬಹಮನಿ ಸುಲ್ತಾನ ಫಿರೋಜ್ ಷಾ ಗೌರವದಿಂದ ಕಲಬುರಗಿಗೆ ಕರೆಸ್ಕೊಂಡ.

ಮೊದಲು ಅವರ ಖಾನ್‌ಖಾ, ಅಂದ್ರೆ ಆಶ್ರಮ, ಕೋಟೆ ಹತ್ರಾನೇ ಇತ್ತು. ಜನ ಮುಗಿಬಿದ್ದು ಬರೋಕೆ ಶುರು ಮಾಡಿದ್ರು. ಕೋಟೆ ಪಕ್ಕ ಈ ಗದ್ದಲ ಬೇಡ ಅಂತ ಸುಲ್ತಾನ ಹೇಳಿಕಳಿಸಿದ, ಖ್ವಾಜಾ ಅಲ್ಲಿಂದ ಎದ್ದು ಈಗ ದರ್ಗಾ ಇರೋ ಕಡೆಗೆ ಹೋದ್ರು. ಸುಲ್ತಾನನಿಗೆ ಮುಂದೆ ತನ್ನ ಮಗ ಪಟ್ಟಕ್ಕೆ ಬರ್ಲಿ ಅಂತ ಆಸೆ, ಖ್ವಾಜಾ ಅವರ ಒಲವು ಸುಲ್ತಾನನ ತಮ್ಮ ಅಹ್ಮದನ ಮೇಲೆ, ಹೀಗೆ ಇಬ್ಬರ ಮಧ್ಯೆ ಮನಸ್ತಾಪ ಬೆಳೀತು. 1422ರಲ್ಲಿ ಫಿರೋಜ್ ಷಾನೂ ತೀರ್ಕೊಂಡ, ಅದೇ ವರ್ಷ ಖ್ವಾಜಾ ಅವರೂ ತೀರ್ಕೊಂಡ್ರು, ನೂರು ವರ್ಷದ ಹಿರಿಯರು. ಪಟ್ಟಕ್ಕೆ ಬಂದ ಅಹ್ಮದ್ ಷಾ ಇವರ ಸಮಾಧಿ ಕಟ್ಟಿಸ್ದ, ಮುಂದೆ ರಾಜಧಾನಿಯನ್ನೇ ಬೀದರ್‌ಗೆ ಒಯ್ದ. ಆ ಅಹ್ಮದ್ ಷಾನೇ ಈಗ ಅಷ್ಟೂರಲ್ಲಿ ಜನ ಹರಕೆ ಹೊರೋ ವಲಿ, ಅಂದ್ರೆ ಸಂತ, ಆಗಿ ಮಲಗಿದ್ದಾನೆ. ಈ ದಾರಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಗುರುವಿನ ಗದ್ದುಗೆಯಿಂದ ಶಿಷ್ಯನ ಗದ್ದುಗೆಗೆ ಹೋಗೋದು.

ಸ್ಟೆಪ್ 3: ಯಾವಾಗ ಹೋಗ್ಬೇಕು

ಉರುಸಿಗೆ ಹೋಗ್ತೀರಾ ಅಥವಾ ಸುಮ್ನೆ ಒಂದು ದಿನ ಹೋಗಿ ಬರ್ತೀರಾ ಅನ್ನೋದು ಮೊದಲು ಮನೇಲಿ ಮಾತಾಡಿ ತೀರ್ಮಾನ ಮಾಡಿ, ಯಾಕಂದ್ರೆ ಎರಡೂ ಬೇರೆ ಬೇರೆ ಅನುಭವ.

ಉರುಸ್ ಅಂದ್ರೆ ಅರಬ್ಬಿ ಭಾಷೇಲಿ ಮದುವೆ ಅಂತ ಅರ್ಥ. ಸಂತರು ತೀರಿಕೊಂಡ ದಿನವನ್ನ ಶೋಕದ ದಿನ ಅನ್ನಲ್ಲ, ಆತ್ಮ ಪರಮಾತ್ಮನ ಕೈ ಹಿಡಿದ ದಿನ ಅಂತಾರೆ. ಶರಣಸತಿ ಲಿಂಗಪತಿ ಅಂತ ಕೇಳಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಕಾಗಿಲ್ಲ. ಬಂದೇನವಾಜ್ ಉರುಸು ಇಸ್ಲಾಮಿ ಪಂಚಾಂಗದ ಜಿಲ್ಖಾದ್ ತಿಂಗಳ 15, 16, 17ಕ್ಕೆ. ಮೊದಲ ದಿನ ಮೆಹಬೂಬ್ ಗುಲ್ಶನ್ ಗಾರ್ಡನ್‌ನಿಂದ ಗಂಧದ ಮೆರವಣಿಗೆ ಹೊರಟು ದರ್ಗಾ ಸೇರುತ್ತೆ, ಮರುದಿನ ದೀಪ, ಅದಕ್ಕೆ ಚಿರಾಗಾಂ ಅಂತಾರೆ. ಚಂದ್ರಮಾನ ವರ್ಷ 354 ದಿನದ್ದು, ಹಾಗಾಗಿ ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರ ಪ್ರತಿ ವರ್ಷ 10-11 ದಿನ ಹಿಂದಕ್ಕೆ ಬರುತ್ತೆ, 2025ರಲ್ಲಿ ಮೇ ಮಧ್ಯದಲ್ಲಿ ಬಂದಿತ್ತು. ಮೇ ತಿಂಗಳ ಕಲಬುರಗಿ ಅಂದ್ರೆ 40 ಡಿಗ್ರಿ ದಾಟಿದ ಬಿಸಿಲು, ಇನ್ನೊಂದಷ್ಟು ವರ್ಷ ಉರುಸು ಬೇಸಿಗೆಯಲ್ಲೇ ಬರೋದ್ರಿಂದ ವಯಸ್ಸಾದವರು ಸಣ್ಣ ಮಕ್ಕಳು ಇದ್ರೆ ಆ ಜನಜಂಗುಳಿಗೆ ಕರ್ಕೊಂಡು ಹೋಗೋದು ಬೇಡ ಅಂತೀನಿ. ಚಂದ್ರ ಕಾಣೋದರ ಮೇಲೆ ಒಂದು ದಿನ ಹಿಂದೆ ಮುಂದೆ ಆಗಬಹುದು, ಟಿಕೆಟ್ ಮಾಡಿಸುವಾಗ ಅದು ತಲೇಲಿರ್ಲಿ.

ಮೊದಲ ಸಲ ಹೋಗೋರಿಗೆ ನನ್ನ ಸಲಹೆ ನವೆಂಬರ್‌ನಿಂದ ಫೆಬ್ರವರಿ ಒಳಗೆ, ವಾರದ ಮಧ್ಯೆ, ಬೆಳಿಗ್ಗೆ ಬೇಗ. ಗುರುವಾರ ಸಂಜೆ ಮತ್ತು ಶುಕ್ರವಾರ ಜನ ಜಾಸ್ತಿ. ಆ ಕಳೆ ನೋಡ್ಬೇಕು ಅಂದ್ರೆ ಗುರುವಾರ ಸಂಜೆನೇ ಹೋಗಿ, ಆದ್ರೆ ಶುಕ್ರವಾರ ಮಧ್ಯಾಹ್ನ 12ರಿಂದ 2ರ ತನಕ ಜುಮ್ಮಾ ನಮಾಜಿನ ಹೊತ್ತು, ಆಗ ಮಾತ್ರ ಬೇಡ. ಒಂದ್ಸಲ ಮೈಸೂರಿನ ನೆಂಟರನ್ನ ಅದೇ ಹೊತ್ತಿಗೆ ಕರ್ಕೊಂಡು ಹೋಗಿ ಬಿಸಿಲಲ್ಲಿ ಒಂದೂವರೆ ತಾಸು ನಿಂತಿದ್ವಿ, ಅಜ್ಜಿಗೆ ತಲೆಸುತ್ತು ಬಂದು ಪಕ್ಕದ ಹೂವಿನ ಅಂಗಡಿ ಚಾಚಾ ತಮ್ಮ ಸ್ಟೂಲ್ ಬಿಟ್ಟುಕೊಟ್ಟು ಮಜ್ಜಿಗೆ ತರಿಸಿಕೊಟ್ರು. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲ್ ಕಮ್ಮಿ ತೆರೆದಿರ್ತಾವೆ, ಸಂಜೆ ಮೇಲೆ ಆ ಬೀದಿಗಳಿಗೆ ಬೇರೇನೇ ಜೀವ ಬರುತ್ತೆ.

ಸ್ಟೆಪ್ 4: ಹೋಗೋದು ಹೇಗೆ, ಏನೇನು ಒಯ್ಯಬೇಕು

ಬೆಂಗಳೂರಿಂದ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಕಲಬುರಗಿ. 2024ರಿಂದ ವಂದೇ ಭಾರತ್ ಕೂಡ ಇದೆ. ಹುಬ್ಬಳ್ಳಿ, ವಿಜಯಪುರ ಕಡೆಯವರಿಗೆ ಬಸ್ಸೇ ಸರಿ. ಸ್ಟೇಷನ್ನಿಂದ ಆಟೋಗೆ "ದೊಡ್ಡ ದರ್ಗಾ" ಅಂದ್ರೆ ಸಾಕು, ಹತ್ತೋ ಮೊದಲು ರೇಟು ಮಾತಾಡ್ಕೊಳ್ಳಿ. ರೂಮು ಸ್ಟೇಷನ್ ಹತ್ರಾನೇ ಮಾಡೋದು ಅನುಕೂಲ, ಉರುಸಿನ ದಿನ ಅಂದ್ರೆ ತಿಂಗಳು ಮೊದಲೇ ಬುಕ್ ಮಾಡಿ.

ಬಟ್ಟೆ ವಿಷಯ ದೊಡ್ಡದೇನಲ್ಲ, ಮೈ ತುಂಬಾ ಬಟ್ಟೆ ಇರ್ಲಿ, ಗಂಡಸರು ಚಡ್ಡಿ ಬರ್ಮುಡಾ ಹಾಕ್ಕೊಂಡು ಹೋಗ್ಬೇಡಿ, ಹೆಂಗಸರು ಸೀರೆ ಆದ್ರೆ ಸೆರಗು, ಚೂಡಿದಾರ್ ಆದ್ರೆ ದುಪಟ್ಟಾ ತಲೆ ಮೇಲೆ. ಗಂಡಸರಿಗೆ ಟೋಪಿನೇ ಆಗ್ಬೇಕು ಅಂತಿಲ್ಲ, ಒಂದು ದಸ್ತಿ, ಅಂದ್ರೆ ಕರವಸ್ತ್ರ, ಕಟ್ಕೊಂಡ್ರೂ ಆಗುತ್ತೆ, ಬಾಗಿಲಲ್ಲೂ ಟೋಪಿ ಸಿಗ್ತಾವೆ, ಆದ್ರೆ ನೂರು ಜನ ಹಾಕಿದ್ದು, ಮನೆಯಿಂದ ಒಂದು ಒಗೆದ ದಸ್ತಿ ಒಯ್ಯೋದೇ ಒಳ್ಳೇದು. ಹಣೆ ಮೇಲೆ ವಿಭೂತಿನೋ ಕುಂಕುಮನೋ ಇದ್ರೆ ಅಳಿಸ್ಕೊಂಡು ಹೋಗೋ ಅಗತ್ಯ ಖಂಡಿತ ಇಲ್ಲ, ನಮ್ಮಪ್ಪ ಮೂರು ಪಟ್ಟಿ ವಿಭೂತಿ ಹಚ್ಕೊಂಡೇ ಹೋಗ್ತಿದ್ರು, ಒಬ್ಬರೂ ಒಂದು ಮಾತು ಅಂದಿಲ್ಲ. ಚಪ್ಪಲಿ ಇಡೋಕೆ ಒಂದು ಚೀಲ, ನೀರಿನ ಬಾಟಲಿ, ಚಿಲ್ಲರೆ ನೋಟು, ಇಷ್ಟು ಸಾಕು.

ಸ್ಟೆಪ್ 5: ದರ್ಗಾದ ಒಳಗೆ

ಇದನ್ನ ನಿಧಾನಕ್ಕೆ ಬರೀತೀನಿ, ಎಲ್ಲರ ಅಂಜಿಕೆ ಇರೋದು ಇಲ್ಲೇ.

ಹೊರಗೆ ಸಾಲು ಅಂಗಡಿ. ಗುಲಾಬಿ, ಹೂವಿನ ಚಾದರ, ಜರಿ ಅಂಚಿನ ಬಟ್ಟೆ ಚಾದರ, ಅತ್ತರು, ಊದಿನಕಡ್ಡಿ, ಸಕ್ಕರೆ, ಬತ್ತಾಸು. ಎಲ್ಲಾ ತಗೋಬೇಕು ಅಂತಿಲ್ಲ, ಒಂದು ಹಿಡಿ ಹೂವು ಒಂದು ಪೊಟ್ಟಣ ಸಕ್ಕರೆ ಆದ್ರೆ ಬೇಕಾದಷ್ಟಾಯ್ತು, ಏನೂ ಇಲ್ಲದೆ ಬರೀ ಕೈಯಲ್ಲಿ ಹೋದ್ರೂ ನಡೆಯುತ್ತೆ. ಚಾದರ ಹೊದಿಸೋದು ಹರಕೆ ಇದ್ದವರು ಮಾಡೋದು. ಕೆಲವರು ತೆಂಗಿನಕಾಯಿ ತರ್ತಾರೆ, ಉತ್ತರ ಕರ್ನಾಟಕದ ಎಷ್ಟೋ ದರ್ಗಾಗಳಲ್ಲಿ ಅದು ನಡೆಯುತ್ತೆ, ಕೆಲವು ಕಡೆ ಇಲ್ಲ, ಅಂಗಡಿಯವರನ್ನೇ ಕೇಳಿಬಿಡಿ.

ಚಪ್ಪಲಿ ಬಿಟ್ಟು ಕೈಕಾಲು ತೊಳ್ಕೊಳ್ಳಿ. ನಮಾಜಿಗೆ ಮೊದಲು ಮಾಡೋ ವಜೂಗೆ ಅದರದೇ ಕ್ರಮ ಇದೆ, ಅದು ನಮಗೆ ಕಡ್ಡಾಯ ಅಲ್ಲ, ಆದ್ರೆ ಕೈಕಾಲು ತೊಳೆದು ಹೋಗೋದು ನಮಗೂ ರೂಢಿನೇ ತಾನೆ. ಹೊಸ್ತಿಲು ತುಳೀಬೇಡಿ, ದಾಟಿ ಹೋಗಿ. ಅಂಗಳದಲ್ಲಿ ಖ್ವಾಜಾ ಅವರ ಮನೆತನದವರದ್ದು, ಶಿಷ್ಯರದ್ದು ಬೇಕಾದಷ್ಟು ಗೋರಿಗಳಿವೆ, ನೋಡೋಕೆ ಕಟ್ಟೆ ಥರ ಕಾಣ್ತಾವೆ ಅಂತ ಮೇಲೆ ಕೂರೋದು, ಬ್ಯಾಗ್ ಇಡೋದು ಮಾಡ್ಬೇಡಿ. ಮಕ್ಕಳಿಗೆ ಇದನ್ನ ಮೊದಲೇ ಹೇಳಿರಿ.

ಮಜಾರ್ ಇರೋ ಒಳಕೋಣೆಯಲ್ಲಿ ಪಾದದ ಕಡೆ ನಿಲ್ಲೋದು ಪದ್ಧತಿ, ತಲೆ ಕಡೆ ನುಗ್ಗಲ್ಲ. ಹೂವು, ಚಾದರ ಎರಡೂ ಕೈಯಿಂದ ಮುಜಾವರ್ ಅವರ ಕೈಗೆ ಕೊಡಿ, ಪೂಜಾರಿ ಥರ ಅಲ್ಲಿಯ ಸೇವೆ ನೋಡ್ಕೊಳ್ಳೋರು ಅವರು. ಯಾರ ಹೆಸರಲ್ಲಿ ಅಂತ ಕೇಳ್ತಾರೆ, ಮನೆಯವರ ಹೆಸರು ಹೇಳಿ, ಅವರು ಫಾತಿಹಾ ಓದ್ತಾರೆ, ಫಾತಿಹಾ ಅಂದ್ರೆ ಕುರಾನಿನ ಮೊದಲ ಅಧ್ಯಾಯ, ಏಳೇ ಸಾಲು. ನೀವು ತಂದ ಸಕ್ಕರೆ ಮುಂದಿಟ್ಟು ಹೀಗೆ ಓದಿಸಿಕೊಂಡು ಬರೋದಕ್ಕೇ ನಾವು "ಸಕ್ಕರಿ ಓದಿಸೋದು" ಅನ್ನೋದು. ಓದಿದ ಮೇಲೆ ಅದು ತಬರ್ರುಕ್, ಪ್ರಸಾದ. ಆಗ ನೀವು ಕೈ ಜೋಡಿಸಿ ನಿಂತ್ರೂ ಸರಿ, ಅವರ ಹಾಗೆ ಅಂಗೈ ಚಾಚಿ ನಿಂತ್ರೂ ಸರಿ. ನವಿಲುಗರಿ ತಲೆ ಮೇಲೆ ಆಡಿಸಿದ್ರೆ ತಲೆ ಬಗ್ಗಿಸಿ.

ಮಾಡಬಾರದ್ದು ಒಂದು ನೆನಪಿಟ್ಟುಕೊಳ್ಳಿ, ಸಾಷ್ಟಾಂಗ ನಮಸ್ಕಾರ ಹಾಕ್ಬೇಡಿ. ಹಣೆ ನೆಲಕ್ಕಿಟ್ಟು ಮಾಡೋ ಸಜ್ದಾ ಅಲ್ಲಾಹನಿಗೆ ಮಾತ್ರ ಅನ್ನೋದು ಇಸ್ಲಾಮಿನ ಬುಡದ ಮಾತು, ನಾವು ಭಕ್ತಿಯಿಂದಲೇ ಹಾಕಿದ್ರೂ ಅವರಿಗೆ ಅದು ಮುಜುಗರ. ಪ್ರದಕ್ಷಿಣೆ, ಆರತಿ, ಮಜಾರ್‌ಗೆ ಕುಂಕುಮ ಹಚ್ಚೋದು ಕೂಡ ಬೇಡ. ಹೊರಗೆ ಬರುವಾಗ ತಟ್ಟನೆ ಬೆನ್ನು ತಿರುಗಿಸದೆ ಎರಡು ಮೂರು ಹೆಜ್ಜೆ ಹಿಂದಕ್ಕೇ ಇಟ್ಟು ಬನ್ನಿ.

ಹೆಂಗಸರ ವಿಷಯ. ಬಹಳಷ್ಟು ದರ್ಗಾಗಳಲ್ಲಿ ಹೆಂಗಸರು ಮಜಾರ್ ಇರೋ ಒಳಕೋಣೆಗೆ ಹೋಗೋ ಪದ್ಧತಿ ಇಲ್ಲ, ಹೊರಗಿಂದಲೇ ಬೇಡ್ಕೊಳ್ಳೋದು, ಬಾಗಿಲಲ್ಲೇ ಕೇಳಿ ಮುಂದುವರೀರಿ. ನಮ್ಮ ಅವ್ವ ಹೊರಗಿನ ಕಟ್ಟೆ ಮೇಲೆ ಕೂತು ಸಕ್ಕರೆ ಪೊಟ್ಟಣ ನನ್ನ ಕೈಲಿ ಒಳಗೆ ಕಳಿಸ್ತಿದ್ಲು, ಪಕ್ಕದಲ್ಲಿ ಬುರ್ಖಾ ಹಾಕ್ಕೊಂಡ ಅಮ್ಮಂದಿರು, ಹೇಳಿಕೊಳ್ಳೋ ಕಷ್ಟ ಇಬ್ಬರದೂ ಅದೇ, ಮಗಳ ಮದುವೆ, ಮಗನ ನೌಕರಿ, ಗಂಡನ ಕುಡಿತ. ಈ ಪದ್ಧತಿ ನನಗೆ ಒಪ್ಪಿಗೆ ಇದೆಯಾ ಅಂದ್ರೆ ಇಲ್ಲ, ಅವ್ವನೂ ಒಳಗೆ ಬರಬೇಕಿತ್ತು ಅಂತ ಪ್ರತಿ ಸಲ ಅನ್ಸಿದೆ, ಆದ್ರೆ ಅದನ್ನ ಬದಲಾಯಿಸೋ ಮಾತು ಆ ಮನೆಯವರಿಂದ ಬರಬೇಕು, ಒಂದು ದಿನಕ್ಕೆ ಹೋದ ಅತಿಥಿ ಬಾಗಿಲಲ್ಲಿ ಜಗಳ ತೆಗೆದು ಆಗೋದಲ್ಲ.

ಆಜಾನ್ ಕೇಳಿಸ್ದಾಗ ಮಾತು ನಿಲ್ಲಿಸಿ. ನಮಾಜು ಮಾಡ್ತಿರೋರ ಮುಂದೆ ಅಡ್ಡ ಹಾಯ್ಬೇಡಿ, ಹಿಂದಿನಿಂದ ಸುತ್ತಿ ಹೋಗಿ.

ಫೋಟೋ ಅಂಗಳದಲ್ಲಿ ಕೇಳಿ ತೆಗೀರಿ, ಒಳಗೆ ಬೇಡ. ಮುಖ್ಯವಾಗಿ ಅಲ್ಲಿ ಅಳ್ತಾ ಕೂತಿರೋರು, ಮೈಮೇಲೆ ಬಂದಂಗೆ ಆಡೋರು, ಮನಸ್ಸು ಕೆಟ್ಟು ವಾರಗಟ್ಟಲೆ ಅಲ್ಲೇ ಇರೋರು ಕಾಣ್ತಾರೆ, ಅವರ ವಿಡಿಯೋ ತೆಗೆಯೋದು ದೊಡ್ಡ ಪಾಪದ ಕೆಲಸ, ಈಚೆಗೆ ಇದು ಬಹಳ ಆಗ್ತಿದೆ, ನನಗೆ ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಮನೆಯವರನ್ನೇ ಇಂಥ ಕಷ್ಟಕ್ಕೆ ಅಂತ ಯಾವುದಾದ್ರೂ ದರ್ಗಾಕ್ಕೆ ಕರ್ಕೊಂಡು ಹೋಗ್ತಿದ್ರೆ ಬೇಡ್ಕೊಳ್ಳಿ, ಜೊತೆಗೆ ಡಾಕ್ಟರ ಮಾತ್ರೆ ನಿಲ್ಲಿಸ್ಬೇಡಿ, ಮತ್ತೆ ಅಲ್ಲೇ ಬಿಟ್ಟು ಬರೋ ಮಾತಂತೂ ಬೇಡವೇ ಬೇಡ. ತಮಿಳುನಾಡಿನ ಏರ್ವಾಡಿ ದರ್ಗಾದ ಸುತ್ತ ಖಾಸಗಿಯವರು ನಡೆಸ್ತಿದ್ದ ಆಶ್ರಯಗಳಲ್ಲಿ ಒಂದಕ್ಕೆ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು, ಸರಪಳಿ ಕಟ್ಟಿದ್ದ 28 ಜನ ಮಾನಸಿಕ ರೋಗಿಗಳು ಓಡೋಕೂ ಆಗದೆ ಸತ್ರು.

ಸ್ಟೆಪ್ 6: ದುಡ್ಡಿನ ವಿಷಯ

ಕಡ್ಡಾಯ ಅಂತ ಯಾವ ಶುಲ್ಕಾನೂ ಇಲ್ಲ. ಹುಂಡಿ ಇರುತ್ತೆ, ಮನಸ್ಸಿದ್ದಷ್ಟು ಹಾಕಿ. ದೊಡ್ಡ ಮೊತ್ತ ಆದ್ರೆ ಆಫೀಸಲ್ಲಿ ಕೊಟ್ಟು ರಸೀದಿ ತಗೊಳ್ಳಿ. ಓದಿದವರ ಕೈಗೆ ಹತ್ತೋ ಇಪ್ಪತ್ತೋ ಕೊಡೋದು ರೂಢಿ. ಬೇರೆ ಜಿಲ್ಲೆಯ ಒಂದು ದರ್ಗಾದಲ್ಲಿ ಒಬ್ಬಾತ ನನ್ನ ಕೈ ಹಿಡ್ಕೊಂಡು ಇಷ್ಟು ಸಾವಿರ ಕೊಟ್ರೆ ಮಾತ್ರ ಹರಕೆ ಮುಟ್ಟುತ್ತೆ ಅಂದಿದ್ದ, ಇಂಥವರು ಗುಡಿ ಬಾಗಿಲಲ್ಲೂ ಸಿಗ್ತಾರೆ, ಕೈ ಬಿಡಿಸ್ಕೊಂಡು ಸುಮ್ನೆ ಮುಂದೆ ನಡೀರಿ. ಅಂಗಳದಲ್ಲಿ ಊಟ ಹಾಕಿಸ್ಬೇಕು ಅನ್ನೋ ಮನಸ್ಸಿದ್ರೆ ಅಲ್ಲಿ ಕೂತಿರೋ ಬಡವರಿಗೆ ಕೈಯಾರೆ ಕೊಡಿ.

ಸ್ಟೆಪ್ 7: ಕಲಬುರಗಿಯಲ್ಲಿ ಅದೇ ದಿನ ನೋಡ್ಬೇಕಾದ್ದು

ದರ್ಗಾ ಆವರಣದಲ್ಲೇ ಹಳೇ ಗ್ರಂಥಾಲಯ ಇದೆ, ಉರ್ದು, ಫಾರಸಿ, ಅರಬ್ಬಿ ಪುಸ್ತಕ, ಹಸ್ತಪ್ರತಿಗಳು, ಓದೋ ಆಸಕ್ತಿ ಇದ್ರೆ ಆಫೀಸಲ್ಲಿ ಅನುಮತಿ ಕೇಳಿ. ಆಮೇಲೆ ಹತ್ತಿರದ ಹಫ್ತ್ ಗುಂಬಜ್‌ಗೆ ಹೋಗಿ, ಫಿರೋಜ್ ಷಾನ ಸಮಾಧಿ ಅಲ್ಲಿದೆ, ದೊಡ್ಡದು, ಚೆಂದದ್ದು, ಆದ್ರೆ ಒಂದು ಹೂವು ಇಡೋರಿಲ್ಲ. ಸುಲ್ತಾನನ ಗುಮ್ಮಟದಲ್ಲಿ ಪಾರಿವಾಳ, ಅವನು ಕೋಟೆ ಪಕ್ಕದಿಂದ ಎಬ್ಬಿಸಿದ ಫಕೀರನ ಬಾಗಿಲಲ್ಲಿ ಆರುನೂರು ವರ್ಷದಿಂದ ಜನ. ಎರಡನ್ನೂ ಒಂದೇ ದಿನ ನೋಡಿ ಅಂತ ಅದಕ್ಕೇ ಹೇಳೋದು.

ಕೋಟೆ ಒಳಗಿನ ಜಾಮಿ ಮಸೀದಿ 1367ರದ್ದು, ಸಾಮಾನ್ಯವಾಗಿ ಮಸೀದಿ ಮುಂದೆ ಬಯಲು ಅಂಗಳ ಇರುತ್ತಲ್ಲ, ಇಲ್ಲಿ ಅದೇ ಇಲ್ಲ, ಪೂರ್ತಿ ಮೇಲ್ಛಾವಣಿ, ಸಾಲು ಸಾಲು ಕಮಾನು, ಒಳಗೆ ಹೋದ್ರೆ ಬಿಸಿಲೇ ಮರೆತುಹೋಗುತ್ತೆ. ಸಂಜೆ ಶರಣಬಸವೇಶ್ವರ ಗುಡಿ, ಅಲ್ಲಿ ದಾಸೋಹ. ಊಟಕ್ಕೆ ದರ್ಗಾ ಕಡೆ ಆದ್ರೆ ತಹರಿ, ಅಂದ್ರೆ ಮಾಂಸ ಹಾಕಿ ಮಾಡೋ ಅನ್ನ, ತಿನ್ನಿ, ಅದು ಕಲಬುರಗಿಯದ್ದೇ ರುಚಿ, ಮಾಂಸ ತಿನ್ನದವರಿಗೆ ಜೋಳದ ರೊಟ್ಟಿ ಖಾನಾವಳಿ ಊರ ತುಂಬಾ ಇವೆ. ಊರಿಗೆ ಒಯ್ಯೋಕೆ ಸಿಹಿ ಅಂದ್ರೆ ಮಾಲ್ಪುರಿ.

ಸ್ಟೆಪ್ 8: ಎರಡನೇ ದಿನ, ಹುಮನಾಬಾದ್ ಮೇಲೆ ಬೀದರ್‌ಗೆ

ಕಲಬುರಗಿಯಿಂದ ಬೀದರ್ ಸುಮಾರು 110 ಕಿಲೋಮೀಟರ್, ರೈಲೂ ಇದೆ, ಆದ್ರೆ ಮಧ್ಯೆ ಇಳಿಯೋಕೆ ಕಾರೋ ಬಸ್ಸೋ ವಾಸಿ. ಮಧ್ಯದಲ್ಲಿ ಹುಮನಾಬಾದ್ ಹತ್ರ ಮಾಣಿಕನಗರ. ಮಾಣಿಕಪ್ರಭುಗಳು (1817-1865) ದತ್ತ ಪರಂಪರೆಯವರು, ಅವರು ಹೇಳಿದ್ದು ಸಕಲಮತ ಸಂಪ್ರದಾಯ, ಯಾವ ಮತಾನೂ ಹಳೀಬಾರದು ಅನ್ನೋದು ಅದರ ತಿರುಳು, ಅವರ ದರ್ಬಾರಿಗೆ ಮುಸ್ಲಿಮರೂ ಬರ್ತಿದ್ರು. ದತ್ತ ಭಕ್ತರಾದ್ರೆ ಕಲಬುರಗಿಯಿಂದಲೇ ಗಾಣಗಾಪುರ ಒಂದು ಸುತ್ತು ಸೇರಿಸ್ಕೊಬಹುದು, ಅಲ್ಲಿಯ ಗುರುಗಳು ಬೀದರಿನ ಸುಲ್ತಾನನ ಹುಣ್ಣು ಗುಣ ಮಾಡಿದ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಹೇಳ್ತಾರೆ, ಆದ್ರೆ ಆಗ ನಾಲ್ಕನೇ ದಿನ ಬೇಕಾಗುತ್ತೆ.

ಬೀದರಲ್ಲಿ ಗುರುದ್ವಾರ ನಾನಕ್ ಝೀರಾ ಸಾಹೇಬ್‌ಗೆ ರಾತ್ರಿ ಊಟಕ್ಕೇ ಹೋಗಿ, ಲಂಗರ್‌ನಲ್ಲಿ ನೆಲದ ಮೇಲೆ ಪಂಕ್ತಿ. ಕಲಬುರಗಿಗೆ ಒಯ್ದ ದಸ್ತಿನೇ ಇಲ್ಲೂ ತಲೆಗೆ ಕಟ್ಕೊಳ್ಳಿ.

ಸ್ಟೆಪ್ 9: ಅಷ್ಟೂರು

ಬೀದರ್ ಊರಿಂದ ಮೂರು ಕಿಲೋಮೀಟರ್ ಆಸುಪಾಸು, ಬಯಲಲ್ಲಿ ಸಾಲು ಗುಮ್ಮಟಗಳು, ಒಂದರದ್ದು ಸಿಡಿಲು ಬಡಿದು ಅರ್ಧ ಕುಸಿದಿದೆ. ಪುರಾತತ್ವ ಇಲಾಖೆ ನೋಡ್ಕೊಳ್ಳೋ ಜಾಗ. ಬಹಳ ಪ್ರವಾಸಿಗರು ಗುಮ್ಮಟದ ಮುಂದೆ ಫೋಟೋ ಹೊಡ್ಕೊಂಡು ಹತ್ತು ನಿಮಿಷಕ್ಕೆ ವಾಪಸ್, ದಯವಿಟ್ಟು ಹಾಗೆ ಮಾಡ್ಬೇಡಿ, ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೆ ಹೋಗಿ, ಕಣ್ಣು ಕತ್ತಲೆಗೆ ಹೊಂದೋ ತನಕ ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಗೋಡೆ, ಮೇಲ್ಗಡೆ ಎಲ್ಲಾ ಬಣ್ಣ, ಬಂಗಾರದ ರೇಖೆ, ಅಕ್ಷರ. ಇರಾನಿನ ಕಿರ್ಮಾನಿನ ಸೂಫಿ ಷಾ ನಿಯಾಮತುಲ್ಲಾರ ಪದ್ಯಗಳೂ ಆ ಬರಹದಲ್ಲಿವೆ. ಅವರ ಮಗ ಖಲೀಲುಲ್ಲಾ ಬೀದರಿಗೇ ಬಂದು ನೆಲೆಸಿದ್ರು, ಅವರ ಸಮಾಧಿ ಚೌಖಂಡಿ ಇದೇ ದಾರೀಲಿ ದಿಬ್ಬದ ಮೇಲಿದೆ. ಒಳಗೆ ಫ್ಲ್ಯಾಷ್ ಹಾಕ್ಬೇಡಿ, ಗೋಡೆ ಮುಟ್ಬೇಡಿ, ಆರುನೂರು ವರ್ಷದ ಬಣ್ಣ ಅದು.

ಅಹ್ಮದ್ ಷಾ 1422ರಿಂದ 1436ರ ತನಕ ಆಳಿದ. ಬರಗಾಲ ಬಿದ್ದಾಗ ಇವನು ಬಯಲಿಗೆ ಹೋಗಿ ಬೇಡ್ಕೊಂಡ, ಮಳೆ ಬಂತು, ಅವತ್ತಿಂದ ಜನ ವಲಿ ಅಂದ್ರು ಅಂತ ಹೇಳ್ತಾರೆ. ಲಿಂಗಾಯತ ಭಕ್ತರು ಇವನನ್ನ ಅಲ್ಲಮಪ್ರಭು ಅಂತಲೇ ನಡ್ಕೋತಾರೆ. ಮತ್ತೆ ಇಲ್ಲಿಯ ಉರುಸಿನ ತಿಥಿ ನೋಡಿ, ಇಸ್ಲಾಮಿ ಪಂಚಾಂಗದ್ದಲ್ಲ, ನಮ್ಮ ಪಂಚಾಂಗದ್ದು, ಹೋಳಿ ಆಗಿ 20ನೇ ದಿನ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರನ್ನ ಕಟ್ಕೊಂಡು ಬರ್ತಾರೆ, ಶಂಖ ಊದ್ತಾರೆ, ಕಾಯಿ ಒಡೀತಾರೆ, ಹೂವು ಏರಿಸ್ತಾರೆ. ಜಂಗಮರು ಬಾರದೆ ಆ ಉರುಸು ಉರುಸೇ ಅಲ್ಲ. ಈ ಜಾತ್ರೆ ನೋಡೋಕೆ ಆದ್ರೆ ಹೋಳಿ ದಿನದಿಂದ 20 ಎಣಿಸಿ, ಬೀದರಿನವರ ಹತ್ರ ದಿನ ಖಾತ್ರಿ ಮಾಡ್ಕೊಂಡು ಬನ್ನಿ. ಏಪ್ರಿಲ್ ಹತ್ರಕ್ಕೆ ಬೀಳುತ್ತೆ, ಬಿಸಿಲಿರುತ್ತೆ.

ಸ್ಟೆಪ್ 10: ವ್ಯಾಜ್ಯ ಇರೋ ಜಾಗಗಳಿಗೆ ಹೋಗೋ ಮುಂಚೆ

ಎಲ್ಲಾ ಕಡೆ ಹೀಗೇ ಇದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ದತ್ತಾತ್ರೇಯ, ದಾದಾ ಹಯಾತ್ ಇಬ್ಬರ ಹೆಸರೂ ಒಂದೇ ಗುಹೆಗಿದೆ, ದಶಕಗಳಿಂದ ಕೋರ್ಟು ಕಚೇರಿ ನಡೀತಿದೆ. ನಮ್ಮ ಆಳಂದದ ಲಾಡ್ಲೆ ಮಶಾಯಕ್ ದರ್ಗಾದಲ್ಲೂ ರಾಘವ ಚೈತನ್ಯರ ಸಮಾಧಿ ಇದೆ, ಶಿವರಾತ್ರಿ ಉರುಸು ಹತ್ತಿರ ಬಂದಾಗ ಪೊಲೀಸ್ ಬಂದೋಬಸ್ತು. ಹುಡುಗನಿದ್ದಾಗ ಆಳಂದಕ್ಕೆ ಅಪ್ಪನ ಸೈಕಲ್ ಮೇಲೆ ಮಾಮನ ಮನೆಯಿಂದ ಹೋಗಿದ್ದೆ, ಒಬ್ಬ ಪೊಲೀಸೂ ಇರ್ಲಿಲ್ಲ, ಈಗಿನದು ನೋಡಿದ್ರೆ ಬಹಳ ನೋವಾಗುತ್ತೆ. ಇಂಥ ಜಾಗಕ್ಕೆ ಹೋಗೋದಾದ್ರೆ ಹಬ್ಬ, ಉರುಸು, ಮಾಲೆ ಹಾಕ್ಕೊಂಡು ಬರೋ ದಿನಗಳನ್ನ ಬಿಟ್ಟು ಹೋಗಿ, ಹೊರಡೋ ಹಿಂದಿನ ದಿನ ಜಿಲ್ಲಾಡಳಿತದ ಆದೇಶ ಏನಿದೆ ಅಂತ ಪೇಪರ್ ನೋಡಿ, ಅಲ್ಲಿ ಇದು ಯಾರದ್ದು ಅನ್ನೋ ಮಾತಿಗೆ ಕೂರ್ಬೇಡಿ, ವಿಡಿಯೋ ಮಾಡಿ ಹಾಕ್ಬೇಡಿ.

ಈ ದಾರಿ ಹಿಡಿಸಿದ್ರೆ ಮುಂದಿನ ಸಲಕ್ಕೆ ಕೆಲವು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ, ಕೃಷ್ಣಾ ನದಿ ದಂಡೆ. ನವಲಗುಂದ ಹತ್ರ ಯಮನೂರು, ಮುಸ್ಲಿಮರಿಗೆ ರಾಜಾಬಾಗ್‌ಸವಾರ, ಹಿಂದೂಗಳಿಗೆ ಚಾಂಗದೇವ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ, ಗೋವಿಂದಭಟ್ಟರ ಶಿಷ್ಯ ಶರೀಫಜ್ಜನ ಗದ್ದುಗೆ. ಗೋಕಾಕ ತಾಲ್ಲೂಕಿನ ಸಾವಳಗಿ ಮಠ, ಬಂದೇನವಾಜರ ಜೊತೆ ಹಳೇ ನಂಟಿರೋ ಮಠ ಅದು, ಅಲ್ಲಿಯ ಸ್ವಾಮಿಗಳು ಇವತ್ತಿಗೂ ಹಸಿರು ನಿಲುವಂಗಿ ತೊಡ್ತಾರೆ. ಮಂಗಳೂರು ಕಡೆಯವರಿಗೆ ಉಳ್ಳಾಲ, ಐದು ವರ್ಷಕ್ಕೊಮ್ಮೆ ಉರುಸು. ಬೆಂಗಳೂರಲ್ಲೇ ಇರೋರು ಎಲ್ಲೂ ಹೋಗೋದೇ ಬೇಡ, ಕರಗದ ರಾತ್ರಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ ಹತ್ರ ನಿಂತ್ಕೊಳ್ಳಿ, ಧರ್ಮರಾಯನ ಗುಡಿಯಿಂದ ಹೊರಟ ಕರಗ ಆ ದರ್ಗಾಕ್ಕೆ ಬಂದೇ ಮುಂದೆ ಹೋಗೋದು.

ವಾಪಸ್ ಬಂದ್ಮೇಲೆ ಒಂದು ಕೆಲಸ ಬಾಕಿ ಇರುತ್ತೆ. ಓದಿಸಿಕೊಂಡು ಬಂದ ಸಕ್ಕರೆ ಪೊಟ್ಟಣ ಬ್ಯಾಗಲ್ಲೇ ಇಟ್ಟು ಮರೀಬೇಡಿ, ಇರುವೆ ಹತ್ತುತ್ತೆ. ಅಕ್ಕಪಕ್ಕದ ಮನೆಗೆ, ಆಫೀಸಿಗೆ ಒಂದೊಂದು ಚಿಟಿಕೆ ಹಂಚಿ, ಎಲ್ಲಿಯದು ಅಂತ ಹೇಳಿಯೇ ಕೊಡಿ, ಕೆಲವರು ತಗೊಳ್ಳಲ್ಲ, ಒತ್ತಾಯ ಬೇಡ. ಗುಲಾಬಿ ಪಕಳೆ ಕಸದ ಬುಟ್ಟಿಗೆ ಹಾಕಲ್ಲ, ಗಿಡದ ಬುಡಕ್ಕೆ ಹಾಕ್ತಾರೆ. ಹರಕೆ ಹೊತ್ತು ಬಂದಿದ್ರೆ, ಅದು ಈಡೇರಿದ ಮೇಲೆ ಇನ್ನೊಮ್ಮೆ ಹೋಗಿ ಹೇಳಿ ಬರಬೇಕು. ನಮ್ಮ ಅವ್ವ ನನ್ನ ನೌಕರಿಗೆ ಅಂತ ಬೇಡ್ಕೊಂಡಿದ್ದು ತೀರಿಸೋಕೆ ಆಗೋ ಮೊದಲೇ ಹೋಗಿಬಿಟ್ಲು, ಅವಳ ಚಾದರ ನಾನು ಹೋದ ಡಿಸೆಂಬರ್‌ನಲ್ಲಿ ಒಯ್ದು ಕೊಟ್ಟು ಬಂದೆ. ಯಾರ ಹೆಸರಲ್ಲಿ ಅಂತ ಮುಜಾವರ್ ಕೇಳಿದ್ರು, ಅವ್ವನ ಹೆಸರು ಹೇಳಿದೆ, ಓದಿದ್ರು.